ಗೈರುಹಾಜರಿಗೆ ದಂಡ ಎಷ್ಟು?



ನಮ್ಮ ಸ್ವಸಹಾಯ ಸಂಘಗಳಲ್ಲಿ ವಾರದ ಸಭೆಗೆ ಬಾರದವಳಿಗೆ ದಂಡವಿದೆ. ಕೆಲವು ಕಡೆ ಐದು ರೂಪಾಯಿ, ಕೆಲವು ಕಡೆ ಹತ್ತು. ಯಾರು ಬಂದಿದ್ದರು, ಯಾರು ಬರಲಿಲ್ಲ, ಬಾರದವರು ಹೇಳಿ ಕಳಿಸಿದ ಕಾರಣವೇನು ಎಂಬುದನ್ನೆಲ್ಲ ನಡವಳಿ ಪುಸ್ತಕದಲ್ಲಿ ಬರೆಯುತ್ತೇವೆ. ಕೆಳಗೆ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ಕೂಲಿ ಬಿಟ್ಟು ಬಂದು ಕೂಡುವ ಹೆಂಗಸರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಇದು.

ಕೆಲವು ದಿನಗಳ ಹಿಂದೆ ತಿಂಥಣಿಯ ಸಂಘವೊಂದರಲ್ಲಿ ಕುಳಿತು, ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆ ಹೇಗೆ ಬಂತು, ಕಾನೂನು ಎಂಬುದು ಎಲ್ಲಿ, ಯಾರ ಕೈಯಲ್ಲಿ ಆಗುತ್ತದೆ ಎಂದು ವಿವರಿಸುತ್ತಿದ್ದೆ. ಸದನ, ಮಸೂದೆ, ಮತದಾನ ಎಂದು ಕಾಲೇಜಿನ ಧಾಟಿಯಲ್ಲೇ ಶುರುಮಾಡಿದ್ದೆನೆನ್ನಿ. ದಂಡದ ದುಡ್ಡು ಎಣಿಸುತ್ತಿದ್ದ ಹಿರಿಯಳೊಬ್ಬಳು ತಲೆ ಎತ್ತಿ ಕೇಳಿದಳು: "ಅಲ್ರೀ ಅಕ್ಕಾರ, ನಾವು ಒಂದ್ ವಾರ ಬರಲಿಲ್ಲಂದ್ರ ಹತ್ತು ರೂಪಾಯಿ ಹೋಗ್ತಾವ. ಆ ಎಮ್ಮೆಲ್ಲೆ, ಎಂಪಿ ಬರಲಿಲ್ಲಂದ್ರ ಅವರಿಗೆ ಏನ್ ಹೋಗ್ತದರಿ?"

ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವಳು ನಾನು. ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅಲ್ಲಿ ಹೇಳಿದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಿಯಮದ ಮಾತು ಮೊದಲು. ಸದನದ ಅನುಮತಿಯಿಲ್ಲದೆ ಶಾಸಕರೊಬ್ಬರು 60 ದಿನ ಎಲ್ಲ ಸಭೆಗಳಿಗೂ ಗೈರುಹಾಜರಾದರೆ ಅವರ ಸ್ಥಾನ ತೆರವಾಯಿತೆಂದು ಸದನ ಘೋಷಿಸಬಹುದು ಎನ್ನುತ್ತದೆ ಸಂವಿಧಾನದ 190ನೇ ವಿಧಿ. ಸಂಸದರಿಗೆ 101ನೇ ವಿಧಿ ಇದನ್ನೇ ಹೇಳುತ್ತದೆ. 'ಘೋಷಿಸಬಹುದು' ಎಂದಿದೆ, 'ಘೋಷಿಸತಕ್ಕದ್ದು' ಎಂದಿಲ್ಲ ಎಂಬುದನ್ನು ಗಮನಿಸಿ. ಅಧಿವೇಶನ ಮುಗಿದ ಮೇಲಿನ ದಿನಗಳು ಲೆಕ್ಕಕ್ಕಿಲ್ಲ. ಒಂದೇ ಸಮ ನಾಲ್ಕು ದಿನಕ್ಕಿಂತ ಹೆಚ್ಚು ಸಭೆ ಮುಂದೂಡಿದರೆ ಆ ದಿನಗಳೂ ಇಲ್ಲ. ನಡುವೆ ಒಂದು ದಿನ ಬಂದು ಮುಖ ತೋರಿಸಿದರೆ ಎಣಿಕೆ ಮತ್ತೆ ಒಂದರಿಂದ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ನಮ್ಮ ರಾಜ್ಯದ ವಿಧಾನಮಂಡಲವೇ 2005ರಲ್ಲಿ ಒಂದು ಕಾಯ್ದೆ ಮಾಡಿಕೊಂಡಿತು. ಹೆಚ್ಚಿನ ವರ್ಷಗಳಲ್ಲಿ ಆ ಕಾಯ್ದೆ ಪುಸ್ತಕದಲ್ಲೇ ಉಳಿಯಿತು. 60 ದಿನ ಸೇರದ ಸದನಕ್ಕೆ 60 ದಿನ ಗೈರಾಗುವುದಾದರೂ ಹೇಗೆ!

ಹೀಗೆ ಸ್ಥಾನ ಕಳೆದುಕೊಂಡವರು ದೇಶದಲ್ಲಿ ತೀರಾ ಅಪರೂಪ. 2000ದಲ್ಲಿ ರಾಜ್ಯಸಭೆಯ ಸದಸ್ಯ ಬರ್ಜಿಂದರ್ ಸಿಂಗ್ ಹಮ್‌ದರ್ದ್ ಅವರ ಸ್ಥಾನ ತೆರವಾಯಿತು. ಸಚಿನ್ ತೆಂಡೂಲ್ಕರ್ ರಾಜ್ಯಸಭೆಗೆ ಬರುವುದಿಲ್ಲವೆಂದು 2014ರಲ್ಲಿ ಗದ್ದಲವೆದ್ದಾಗ, ಅಣ್ಣನ ಶಸ್ತ್ರಚಿಕಿತ್ಸೆಯ ಕಾರಣ ಹೇಳಿ ರಜೆ ಕೇಳಿದರು, ಸದನ ಕೊಟ್ಟಿತು. ಜೈಲಿನಲ್ಲಿದ್ದ ಪಂಜಾಬಿನ ಸಂಸದರೊಬ್ಬರಿಗೆ 2025ರ ಮಾರ್ಚ್‌ನಲ್ಲಿ ಲೋಕಸಭೆ 54 ದಿನಗಳ ಗೈರುಹಾಜರಿಯನ್ನು ಮನ್ನಿಸಿತು. ಕೇಳಿದವರಿಗೆ ರಜೆ ಸಿಗುತ್ತದೆ; ಕೇಳದವರನ್ನು ಯಾರೂ ಕೇಳುವುದಿಲ್ಲ.

ಸಭೆ ನಡೆಯಲು ಹತ್ತರಲ್ಲಿ ಒಂದು ಪಾಲು ಸದಸ್ಯರಿದ್ದರೆ ಸಾಕು. ನಮ್ಮ 224 ಜನರ ವಿಧಾನಸಭೆಯಲ್ಲಿ ಅದು 23. ಅಷ್ಟು ಜನರಿಗೂ ಗಂಟೆ ಬಾರಿಸಿ ಕಾಯಬೇಕಾದ ದಿನಗಳುಂಟು. ಯಾವ ಶಾಸಕರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಎದ್ದುಹೋದರು ಎಂದು ಗುರುತಿಸುವ ಕ್ಯಾಮೆರಾಗಳನ್ನು ಸಭಾಧ್ಯಕ್ಷ ಯು.ಟಿ. ಖಾದರ್ 2024ರಲ್ಲಿ ಹಾಕಿಸಿದರು. ಮಧ್ಯಾಹ್ನದ ಊಟವಾದ ಮೇಲೆ ಹೊರಟುಹೋಗುವವರನ್ನು ಹಿಡಿದಿಡಲು 2025ರಲ್ಲಿ ಒರಗಿಕೊಳ್ಳುವ ಕುರ್ಚಿಗಳನ್ನು ತರಿಸಿದರು. ನಮ್ಮ ಯಾವ ಸಂಘದಲ್ಲೂ ಉಂಡ ಮೇಲೆ ನಿದ್ದೆ ಬರುತ್ತದೆಂದು ಚಾಪೆ ಕೇಳಿದವಳನ್ನು ನಾನಿನ್ನೂ ಕಂಡಿಲ್ಲ. ಅದೇ 2025ರ ಮಾರ್ಚ್ 21ರಂದು, ಗದ್ದಲದ ನಡುವೆ ಚರ್ಚೆಯೇ ಇಲ್ಲದೆ, ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಗೆ ಸದನ ಒಪ್ಪಿಗೆ ಕೊಟ್ಟಿತು.

ಹಾಗಾದರೆ ಗೈರುಹಾಜರಿಗೆ ಶಿಕ್ಷೆಯೇ ಇಲ್ಲವೇ? ಒಂದಿದೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನಲ್ಲಿ, ಪಕ್ಷ ಹೊರಡಿಸಿದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೂ ಅಪರಾಧ, ಮತ ಹಾಕದೆ ದೂರ ಉಳಿದರೂ ಅಪರಾಧ. ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸ್ಥಾನಕ್ಕೇ ಕುತ್ತು. ಅಂದರೆ, ಗೈರುಹಾಜರಿಯಿಂದ ಪಕ್ಷಕ್ಕೆ ನಷ್ಟವಾದರೆ ಮಾತ್ರ ಅದು ತಪ್ಪು. ಆರಿಸಿ ಕಳಿಸಿದ ಊರಿಗೆ, ಆ ಊರಿನ ಹೆಣ್ಣುಮಕ್ಕಳಿಗೆ ನಷ್ಟವಾದರೆ ಅದನ್ನು ಬರೆದಿಡಲು ಕಾನೂನಿನಲ್ಲಿ ಒಂದು ಸಾಲೂ ಇಲ್ಲ.

ಈ ನಷ್ಟ ಎಂಥದ್ದೆಂದು ನೋಡಲು ನಾವು ದೂರ ಹೋಗಬೇಕಿಲ್ಲ. 2019ರ ಜುಲೈ 23. ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ವಿಶ್ವಾಸಮತ ಕೇಳಿದ ದಿನ. ಪರವಾಗಿ 99, ವಿರುದ್ಧವಾಗಿ 105. ಬಾರದವರು 20. ಸರ್ಕಾರ ಬಿದ್ದದ್ದು ಬಾರದವರಿಂದ. ರಾಜೀನಾಮೆ ಕೊಟ್ಟಿದ್ದೇವೆ ಎಂದು ಹಲವರು ಮುಂಬೈಯ ಹೋಟೆಲಿನಲ್ಲಿದ್ದರು. ಅವರನ್ನು ಸದನಕ್ಕೆ ಬರಲೇಬೇಕೆಂದು ಒತ್ತಾಯಿಸಬಾರದೆಂದು ಸುಪ್ರೀಂ ಕೋರ್ಟು ಜುಲೈ 17ರಂದು ಹೇಳಿತ್ತು. ಕಾಗವಾಡದ ಶಾಸಕರು ಎದೆನೋವೆಂದು ಮುಂಬೈಯ ಆಸ್ಪತ್ರೆಯಲ್ಲಿದ್ದರು. ಬಹುಜನ ಸಮಾಜ ಪಕ್ಷದ ಏಕೈಕ ಶಾಸಕ ಎನ್. ಮಹೇಶ್ ತಟಸ್ಥವಾಗಿರುವಂತೆ ತಮಗೆ ಸೂಚನೆಯಿತ್ತು ಎಂದರು. ಪಕ್ಷದ ನಾಯಕಿ ಮಾಯಾವತಿ ಅದೇ ದಿನ ಅವರನ್ನು ಹೊರಹಾಕಿದರು. ಒಬ್ಬೊಬ್ಬರದೂ ಒಂದೊಂದು ಕಾರಣ. ಯಾವ ಪಕ್ಷ ಸರಿ, ಯಾವುದು ತಪ್ಪು ಎಂಬುದು ಈ ಪತ್ರಿಕೆಯ ಚರ್ಚೆಯಲ್ಲ. ಎಲ್ಲ ಪಕ್ಷಗಳೂ ತಮಗೆ ಬೇಕಾದಾಗ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ದಿವೆ. ಆ ಬಸ್ಸಿನಲ್ಲಿ ನಮ್ಮ ಮತವೂ ಇತ್ತಲ್ಲ ಎಂಬುದಷ್ಟೇ ನನ್ನ ಮಾತು.

ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಜುಲೈ 25 ಮತ್ತು 28ರಂದು ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ಬಿ.ಎಸ್. ಯಡಿಯೂರಪ್ಪ ಜುಲೈ 26ರಂದು ಪ್ರಮಾಣ ವಚನ ತೆಗೆದುಕೊಂಡವರು, ಆಗಸ್ಟ್ 20ರವರೆಗೆ ಒಬ್ಬ ಮಂತ್ರಿಯೂ ಇಲ್ಲದೆ ಒಬ್ಬರೇ ಸರ್ಕಾರವಾಗಿದ್ದರು. ಆ ಇಪ್ಪತ್ತೈದು ದಿನಗಳಲ್ಲಿ ಏನಾಯಿತೆಂದು ತಿಂಥಣಿಯವರಿಗೆ ನಾನು ಹೇಳಬೇಕೇ? ಆಗಸ್ಟ್ ಮೊದಲ ವಾರದಲ್ಲಿ ಕೃಷ್ಣೆ ಉಕ್ಕಿದಳು. ನಾರಾಯಣಪುರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟರು. ಸುರಪುರ, ಶಹಾಪುರ, ಆಚೆ ದಂಡೆಯ ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳ ನದಿತೀರದಲ್ಲಿ ಬೆಳೆದು ನಿಂತ ಹೊಲ ನೀರೊಳಗೆ ಹೋಯಿತು. ಮೇಲ್ಗಡೆ ಅಥಣಿ, ಕಾಗವಾಡ, ಗೋಕಾಕಗಳಲ್ಲಿ ಊರಿಗೆ ಊರೇ ಮುಳುಗಿದವು. ಆ ಮೂರೂ ಕ್ಷೇತ್ರಗಳ ಶಾಸಕರು ಅನರ್ಹರಾದವರ ಪಟ್ಟಿಯಲ್ಲಿದ್ದರು. ಹೊಳೆ ಮನೆಯೊಳಗೆ ಬಂದಾಗ ಅಲ್ಲಿನ ಹೆಂಗಸರಿಗೆ ಶಾಸಕರೂ ಇರಲಿಲ್ಲ, ಜಿಲ್ಲಾ ಉಸ್ತುವಾರಿ ಮಂತ್ರಿಯೂ ಇರಲಿಲ್ಲ. ಗಂಜಿ ಕೇಂದ್ರದಲ್ಲಿ ಸೀರೆ ಬದಲಿಸಲು ಮರೆಯಿಲ್ಲವೆಂದು ಅವರು ಯಾರ ಮುಂದೆ ದೂರಬೇಕಿತ್ತು?

ಇನ್ನೂ ಹತ್ತಿರದ್ದು ಮಸ್ಕಿ. 2018ರ ಚುನಾವಣೆಯಲ್ಲಿ ಅಲ್ಲಿ ಪ್ರತಾಪಗೌಡ ಪಾಟೀಲರು ಗೆದ್ದದ್ದು ಬರೀ 213 ಮತಗಳಿಂದ. ನಾಲ್ಕೈದು ಊರಿನ ಸಂಘದ ಹೆಂಗಸರನ್ನು ಒಟ್ಟು ಮಾಡಿದರೆ ಅಷ್ಟಾಗುತ್ತದೆ. 2019ರಲ್ಲಿ ಅವರೂ ಅನರ್ಹರಾದರು. ಬೇರೆ 15 ಕ್ಷೇತ್ರಗಳಿಗೆ ಆ ಡಿಸೆಂಬರ್‌ನಲ್ಲೇ ಉಪಚುನಾವಣೆ ನಡೆಯಿತು. ಹಳೆಯ ಚುನಾವಣೆಯ ತಕರಾರು ಕೋರ್ಟಿನಲ್ಲಿದ್ದುದರಿಂದ ಮಸ್ಕಿಗೆ ನಡೆಯಲಿಲ್ಲ. ನಡೆದದ್ದು 2021ರ ಏಪ್ರಿಲ್‌ನಲ್ಲಿ. ಇಪ್ಪತ್ತು ತಿಂಗಳಿಗೂ ಮೀರಿ ಒಂದು ಇಡೀ ಕ್ಷೇತ್ರದ ಕುರ್ಚಿ ಖಾಲಿ. ಕೊರೋನಾ ಬಂದು, ಬೆಂಗಳೂರು-ಪುಣೆಗೆ ದುಡಿಯಲು ಹೋದವರು ಮಕ್ಕಳನ್ನು ಹೊತ್ತು ಊರಿಗೆ ಮರಳಿದ ಬೇಸಿಗೆಯೂ ಆ ಇಪ್ಪತ್ತು ತಿಂಗಳೊಳಗೇ ಬಂತು. ಮಸ್ಕಿಯ ಜನ ಕೊನೆಗೆ ಪಾಟೀಲರನ್ನು ಸೋಲಿಸಿದರೆಂಬುದು ನಿಜ. ಆದರೆ ಉಪಚುನಾವಣೆಗೆ ಹೋದ ಬೇರೆ ಅನರ್ಹರಲ್ಲಿ ಹೆಚ್ಚಿನವರು ಗೆದ್ದರು, 2020ರ ಫೆಬ್ರವರಿಯಲ್ಲಿ ಅವರಲ್ಲಿ ಹತ್ತು ಜನ ಮಂತ್ರಿಗಳಾದರು. ತಿಂಥಣಿಯ ಆ ಹಿರಿಯಳಿಗೆ ನಾನು ಕೊಟ್ಟ ಉತ್ತರದಲ್ಲಿ ಆಕೆಗೆ ನಗು ಬಂದದ್ದು ಇಲ್ಲೇ.

ಇವೆಲ್ಲ ಸರ್ಕಾರ ಉರುಳಿಸುವ, ನಿಲ್ಲಿಸುವ ದೊಡ್ಡ ಮತದಾನಗಳು. ಟಿವಿಯಲ್ಲಿ ಬರುತ್ತವೆ, ಲೆಕ್ಕ ಸಿಗುತ್ತದೆ. ಹೆಣ್ಣುಮಕ್ಕಳ ಕಾನೂನುಗಳ ವಿಷಯ ಬೇರೆ. ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. "ಪರವಾಗಿರುವವರು ಹೌದು ಎನ್ನಿ, ವಿರುದ್ಧವಿರುವವರು ಇಲ್ಲ ಎನ್ನಿ" ಎಂದು ಪೀಠದಿಂದ ಕೇಳುತ್ತಾರೆ; ಕೂಗು ಕೇಳಿಸಿತೋ, ಮುಗಿಯಿತು. ಯಾರಾದರೂ ಹಟ ಹಿಡಿದು ಎಣಿಕೆ ಕೇಳಿದರೆ ಮಾತ್ರ ಹೆಸರು ದಾಖಲಾಗುತ್ತದೆ. ಇಲ್ಲದಿದ್ದರೆ ಆ ದಿನ ನಿಮ್ಮ ಸಂಸದರು ಒಳಗಿದ್ದರೋ, ಕ್ಯಾಂಟೀನಿನಲ್ಲಿದ್ದರೋ, ಊರಲ್ಲೇ ಇದ್ದರೋ ದೇವರಿಗೇ ಗೊತ್ತು. ದಿನಭತ್ಯೆಗೆ ಬೆಳಗ್ಗೆ ಹಾಕಿದ ಸಹಿ, ಸಂಜೆಯ ಮತದಾನದಲ್ಲಿದ್ದರೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ವರದಕ್ಷಿಣೆ ನಿಷೇಧದ ಕಾಯ್ದೆ ಬಂದ ಬಗೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ವರದಕ್ಷಿಣೆ ಅಂದರೆ ಏನೇನು ಎಂಬ ವ್ಯಾಖ್ಯೆಯ ಮೇಲೇ ಲೋಕಸಭೆಗೂ ರಾಜ್ಯಸಭೆಗೂ ಒಮ್ಮತ ಬರಲಿಲ್ಲ. ಸ್ವತಂತ್ರ ಭಾರತದಲ್ಲಿ ಎರಡೂ ಸದನಗಳನ್ನು ಒಟ್ಟಿಗೆ ಕೂರಿಸಿ ಮಸೂದೆಯೊಂದನ್ನು ತೀರ್ಮಾನಿಸಿದ್ದು ಅದೇ ಮೊದಲು: 1961ರ ಮೇ 6 ಮತ್ತು 9. ಆಮೇಲೆ ಅಂಥ ಜಂಟಿ ಅಧಿವೇಶನ 1978ರಲ್ಲಿ ಮತ್ತು 2002ರಲ್ಲಿ ಎರಡೇ ಸಲ ನಡೆದಿದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೊಟ್ಟದ್ದೆಲ್ಲ ವರದಕ್ಷಿಣೆ ಎಂಬ ಮಾತು ಕಾಯ್ದೆಯೊಳಗೆ ಸೇರಿತು. ಅದರ ಜೊತೆಗೇ, ಮದುವೆಯಲ್ಲಿ ಕೊಡುವ ರೊಕ್ಕ, ಒಡವೆ, ಬಟ್ಟೆ ಮದುವೆಯ ಬಾಬ್ತು ಕೊಟ್ಟದ್ದೆಂದು ಸಾಬೀತಾಗದಿದ್ದರೆ ವರದಕ್ಷಿಣೆಯಲ್ಲ ಎಂಬ ವಿವರಣೆಯೂ ಉಳಿಯಿತು. 'ಉಡುಗೊರೆ' ಎಂಬ ಆ ಕಿಂಡಿಯನ್ನು ಮುಚ್ಚಲು 1984ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇಪ್ಪತ್ತಮೂರು ವರ್ಷ! ಒಂದು ಸಾಲು ಉಳಿಯುವುದು, ಹೋಗುವುದು ಆ ದಿನ ಒಳಗಿದ್ದ ಕೈಗಳಿಂದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮಹಿಳಾ ಮೀಸಲಾತಿ ಮಸೂದೆಯದು ಇನ್ನೊಂದು ಕಥೆ. ಮೊದಲು ಮಂಡನೆಯಾದದ್ದು 1996ರ ಸೆಪ್ಟೆಂಬರ್‌ನಲ್ಲಿ, ನಮ್ಮವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರ ಮಾರ್ಚ್ 9ರಂದು ರಾಜ್ಯಸಭೆ ಅದನ್ನು 186-1ರಿಂದ ಒಪ್ಪಿತು. ಆಮೇಲೆ ಲೋಕಸಭೆಯಲ್ಲಿ ಅದನ್ನು ಮತಕ್ಕೇ ಹಾಕಲಿಲ್ಲ. ಆ ಲೋಕಸಭೆಯ ಅವಧಿ 2014ರಲ್ಲಿ ಮುಗಿಯಿತು, ಮಸೂದೆಯೂ ಸತ್ತಿತು. ಇಡೀ ಸದನವೇ ಗೈರುಹಾಜರಾದ ಹಾಗಲ್ಲವೇ ಇದು? 2023ರ ಸೆಪ್ಟೆಂಬರ್‌ನಲ್ಲಿ ಹೊಸ ಮಸೂದೆಗೆ ಲೋಕಸಭೆಯಲ್ಲಿ 454 ಜನ ಪರವಾಗಿ, ಇಬ್ಬರೇ ವಿರುದ್ಧವಾಗಿ ಮತ ಹಾಕಿದರು. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರವೇ ಜಾರಿ ಎಂಬ ಷರತ್ತನ್ನು ಅದರೊಳಗೇ ಬರೆದಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಗೆ ಆರಿಸಿ ಬಂದ ಹೆಂಗಸರು 224ರಲ್ಲಿ ಹತ್ತು ಜನ.

ಹೊರಗೆ ಹಾಕಿಸಿಕೊಂಡವರ ಗೈರುಹಾಜರಿಯೂ ಒಂದುಂಟು. ನಾವು ಠಾಣೆಯಲ್ಲಿ ದಿನಾ ಹೇಳುತ್ತಿದ್ದ 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು, ವರದಕ್ಷಿಣೆ ಸಾವಿನ 304-ಬಿ ಈಗ 80ನೇ ಕಲಮು. ಆ ಸಂಹಿತೆ ಸಂಸತ್ತಿನಲ್ಲಿ ಪಾಸಾದದ್ದು 2023ರ ಡಿಸೆಂಬರ್ 20 ಮತ್ತು 21ರಂದು. ಅದೇ ಅಧಿವೇಶನದಲ್ಲಿ ವಿರೋಧ ಪಕ್ಷಗಳ 146 ಸಂಸದರನ್ನು, ಕಲಾಪಕ್ಕೆ ಅಡ್ಡಿಪಡಿಸಿದರೆಂದು ಅಮಾನತು ಮಾಡಲಾಗಿತ್ತು. ನಮ್ಮ ಪಾಲಿನ ಕಾನೂನನ್ನು ಅಕ್ಷರ ಅಕ್ಷರ ಜಾಲಾಡಬೇಕಾದ ದಿನ ಸದನದ ಒಂದು ಬದಿ ಬರಿದಾಗಿತ್ತು.

ಈಗ ಕಾರಣಗಳ ವಿಚಾರಕ್ಕೆ ಬರೋಣ. ರೆಸಾರ್ಟು, ಆಸ್ಪತ್ರೆ ಅಪರೂಪಕ್ಕೆ. ದಿನದ ಕಾರಣ ಯಾವುದು? "ಕ್ಷೇತ್ರದಾಗ ಲಗ್ನ ಇದ್ದವು." ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ಸೇರುವುದು ಹೆಚ್ಚಾಗಿ ಡಿಸೆಂಬರ್‌ನಲ್ಲಿ; ಲಗ್ನಗಳೂ ಆಗಲೇ ಏಳುತ್ತವೆ. ಒಂದೇ ದಿನ ಹತ್ತು ಕಡೆ ಅಕ್ಕಿಕಾಳು ಹಾಕಿ ಬರುವ ಶಾಸಕರಿದ್ದಾರೆ. ಬರದಿದ್ದರೆ ಜನ ಬಿಡುವುದಿಲ್ಲ ಎಂದು ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ಮನೆಗಳಲ್ಲೇ "ಎಮ್ಮೆಲ್ಲೆ ಸಾಹೇಬ್ರು ಬಂದಿದ್ರು" ಎಂದು ವರ್ಷಗಟ್ಟಲೆ ಹೇಳಿಕೊಳ್ಳುತ್ತೇವಲ್ಲ! ಮದುವೆಗೆ ಬಾರದವರನ್ನು ಮುಂದಿನ ಚುನಾವಣೆಯವರೆಗೆ ನೆನಪಿಡುವವರು, ಸದನಕ್ಕೆ ಬಾರದವರನ್ನು ಒಂದು ದಿನವೂ ಕೇಳುವುದಿಲ್ಲ.

ಆ ಲಗ್ನಗಳಲ್ಲಿ ಏನು ನಡೆಯುತ್ತದೆ? ಎಷ್ಟು ತೊಲ ಬಂಗಾರ, ಎಷ್ಟು ಲಕ್ಷ ರೊಕ್ಕ, ಯಾವ ಕಂಪನಿಯ ಮೋಟಾರ್ ಸೈಕಲ್ ಎಂಬುದು ಚಪ್ಪರ ಹಾಕುವವನಿಗೂ ಗೊತ್ತಿರುತ್ತದೆ. ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಎರಡಕ್ಕೂ ಕನಿಷ್ಠ ಐದು ವರ್ಷ ಜೈಲು ಎಂದು ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಮಾಡುವ ಮನೆಗೆ ಗೈರಾಗಿ, ಅದನ್ನು ಮುರಿಯುವ ಮನೆಗೆ ಹಾಜರಾಗುತ್ತಾರೆ ನಮ್ಮ ಪ್ರತಿನಿಧಿಗಳು. ಸುರಪುರ ಕಡೆಯ ತಾಯಿಯೊಬ್ಬಳು ಮಗಳ ಮದುವೆಯ ಆಲ್ಬಂ ತಂದು ನನ್ನ ಮುಂದೆ ಬಿಚ್ಚಿದ್ದಳು. ಮೊದಲ ಪುಟದಲ್ಲೇ ದೊಡ್ಡ ಫೋಟೋ: ಮದುಮಗ, ಮದುಮಗಳು, ನಡುವೆ ಹಾರ ಹಾಕಿಸಿಕೊಂಡ ಜನಪ್ರತಿನಿಧಿ. ಮದುವೆಯಾಗಿ ಎರಡು ವರ್ಷವಾಗಿರಲಿಲ್ಲ. ಇನ್ನೊಂದು ಲಕ್ಷ ತಾ ಎಂದು ಹೊಡೆದು ಕಳಿಸಿದ್ದರು. ಹುಡುಗಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು, ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. "ಇವರ ಎದುರಿಗೇ ಕೊಟ್ಟೀವ್ರಿ, ಇವರು ಸಾಕ್ಷಿ ಆಗ್ತಾರೇನ್ರಿ?" ಎಂದು ತಾಯಿ ಕೇಳಿದಳು. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಅದಕ್ಕೂ ಅವರ ಬಳಿ ಏನೋ ಒಂದು ಕಾರಣವಿದ್ದಿರಬೇಕು.

ಗೈರುಹಾಜರಿಯನ್ನು ಓದುವ ವಿದ್ಯೆ ಸಂಘದ ಹೆಂಗಸರಿಗೆ ಚೆನ್ನಾಗಿ ಗೊತ್ತು. ಒಬ್ಬಳು ಎರಡು ವಾರ ಬರಲಿಲ್ಲವೆಂದರೆ ಮೂರನೇ ವಾರ ನಾವು ಅವಳ ಮನೆ ಬಾಗಿಲಲ್ಲಿರುತ್ತೇವೆ. "ಜ್ವರ ಬಂದಿತ್ತು", "ಬಚ್ಚಲದಾಗ ಜಾರಿದೆ", "ಬೀಗರು ಬಂದಾರ" ಎಂಬ ಮಾತಿನ ಹಿಂದೆ ಏನಿದೆಯೆಂದು ಮುಖ ನೋಡಿಯೇ ತಿಳಿಯುತ್ತದೆ. ಸಂಘಕ್ಕೆ ಹೋಗಬೇಡವೆಂದು ಗಂಡ ಚಪ್ಪಲಿ ಬಚ್ಚಿಟ್ಟದ್ದು, ಅತ್ತೆ ಅಂಗಳದ ಬಾಗಿಲಿಗೆ ಕೀಲಿ ಹಾಕಿದ್ದು ನಮ್ಮ ಕಣ್ಣಿಗೆ ಬಿದ್ದದ್ದೆಲ್ಲ ಹೀಗೆ ಬಾರದವಳನ್ನು ಹುಡುಕಿಕೊಂಡು ಹೋದಾಗಲೇ. ಬಡವಳ ಸುಳ್ಳು ಕಾರಣವನ್ನು ಇಷ್ಟು ಅಕ್ಕರೆಯಿಂದ ಬಿಡಿಸಿ ನೋಡುವವರು, ಬಲ್ಲಿದರ ಕಾರಣವನ್ನು ಹಾಗೇ ಬಿಡುವುದೇಕೆ?

ನಿಜವಾದ ಅಡಚಣೆ ಇರುವುದಿಲ್ಲವೆಂದಲ್ಲ. ಶಾಸಕರಿಗೂ ಕಾಯಿಲೆ ಬರುತ್ತದೆ, ಸಾವುನೋವು ಇರುತ್ತವೆ. ಆದರೆ ಅಡಚಣೆಯಿದ್ದೂ ಬಂದವರನ್ನು ನೋಡಿ. 2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಶಾಸಕಿ ಸರೋಜ್ ಅಹಿರೆ ಎರಡೂವರೆ ತಿಂಗಳ ಕೂಸನ್ನು ಎದೆಗವಚಿಕೊಂಡು ನಾಗಪುರದ ಅಧಿವೇಶನಕ್ಕೆ ಬಂದರು. 2023ರ ಆಗಸ್ಟ್‌ನಲ್ಲಿ ದೆಹಲಿ ಆಡಳಿತದ ಮಸೂದೆಯ ಮತದಾನಕ್ಕೆ, ತೊಂಬತ್ತು ವರ್ಷದ ಮನಮೋಹನ ಸಿಂಗರು ಗಾಲಿಕುರ್ಚಿಯಲ್ಲಿ ರಾಜ್ಯಸಭೆಗೆ ಬಂದು ಕುಳಿತರು. ಅವರ ಕಡೆಯವರು ಸೋಲುವುದು ಎಲ್ಲರಿಗೂ ಗೊತ್ತಿದ್ದ ಮತದಾನ ಅದು. ಬಾಣಂತಿಯರಿಗೆ ಇನ್ನೊಬ್ಬರ ಮೂಲಕ ಮತ ಹಾಕುವ ಸೌಕರ್ಯವನ್ನು ಬ್ರಿಟನ್ನಿನ ಸಂಸತ್ತು 2019ರಲ್ಲಿ ಮಾಡಿಕೊಂಡಿತು. ಅದನ್ನು ಇಲ್ಲಿ ಕೇಳುವವರು ಸದ್ಯ ಕಡಿಮೆ, ಕೇಳಬೇಕಾದ ಹೆಂಗಸರೂ ಒಳಗೆ ಕಡಿಮೆ.

ತಿಂಥಣಿಯ ಸಂಘದವರು ಅಂದೇ ಎರಡು ಠರಾವು ಬರೆದರು. ಅಧಿವೇಶನ ನಡೆಯುವ ದಿನಗಳಲ್ಲಿ ತಮ್ಮ ಮನೆಯ ಯಾವ ಲಗ್ನಕ್ಕೂ, ಜಾವಳಕ್ಕೂ ಶಾಸಕರನ್ನು ಕರೆಯುವುದಿಲ್ಲ ಎಂಬುದು ಒಂದು. ಬೇರೆ ದಿನಗಳಲ್ಲಿ ಕರೆದರೆ, ಲಗ್ನಪತ್ರಿಕೆಯ ಜೊತೆಗೆ "ಈ ಮದುವೆಯಲ್ಲಿ ಕೊಟ್ಟದ್ದೂ ಇಲ್ಲ, ತಗೊಂಡದ್ದೂ ಇಲ್ಲ" ಎಂದು ಎರಡೂ ಕಡೆಯವರು ಸಹಿ ಹಾಕಿದ ಚೀಟಿ ಕೊಡಬೇಕು ಎಂಬುದು ಎರಡನೆಯದು. ಎರಡನೆಯದಕ್ಕೆ ತಕರಾರು ಬಂತು. "ಸಹಿ ಮಾಡಿ ಸುಳ್ಳು ಬರದ್ರ?" ಎಂದಳೊಬ್ಬಳು. "ಬರೀಲಿ, ನಾಳೆ ಹುಡುಗಿ ತಿರುಗಿ ಬಂದಾಗ ಆ ಚೀಟೀನ ನಮ್ಮ ಕೈಯಾಗಿರ್ತದ" ಎಂದಳು ಲೆಕ್ಕ ಬರೆಯುವವಳು. ಹನ್ನೆರಡು ಕೈ ಪರವಾಗಿ ಎದ್ದವು, ಮೂರು ವಿರುದ್ಧ. ಹೆಸರು ಸಮೇತ ನಡವಳಿಯಲ್ಲಿ ಬರೆದಿದ್ದಾರೆ. ಬಾರದಿದ್ದ ಇಬ್ಬರ ಹೆಸರೂ ಇದೆ.

ಇನ್ನೊಂದು ಕೆಲಸವನ್ನು ಎಲ್ಲ ಸಂಘಗಳೂ ಮಾಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಅಂದರೆ ನಮ್ಮ ಒಂದು ವಾರದ ದಂಡ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಬೇಡ. ವಿಷಯ ಒಂದೇ ಇರಲಿ, 150 ಪದ ಮೀರದಿರಲಿ. "ಸಾರ್ವಜನಿಕ ಮಾಹಿತಿ ಅಧಿಕಾರಿ, ಕರ್ನಾಟಕ ವಿಧಾನಸಭೆ ಸಚಿವಾಲಯ, ವಿಧಾನಸೌಧ, ಬೆಂಗಳೂರು" ಎಂದು ವಿಳಾಸ ಬರೆದು, ನಮ್ಮ ಕ್ಷೇತ್ರದ ಶಾಸಕರು ಕಳೆದ ಎರಡು ವರ್ಷ ಯಾವ ಯಾವ ದಿನ ಹಾಜರಿದ್ದರು, ಯಾವ ದಿನ ಇರಲಿಲ್ಲ, ಇಲ್ಲದ ದಿನಕ್ಕೆ ರಜೆ ಕೇಳಿ ಪತ್ರ ಕೊಟ್ಟಿದ್ದರೆ ಅದರ ಪ್ರತಿ ಕೊಡಿ ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರದ ಪ್ರತಿಯನ್ನು ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ತಾಲ್ಲೂಕುವಾರು ಅಚ್ಚು ಹಾಕುತ್ತೇವೆ, ಕಾರಣಗಳ ಸಮೇತ.